ಮೀನಿನ ನೀರಿನಲ್ಲಿ ಬೆಳೆದ ಮೂಲಂಗಿಯನ್ನು ಹಸಿಯಾಗಿ ತಿನ್ನಬಹುದೇ?

ಸದಾಶಿವಗಡದ ಹಿತ್ತಿಲು:

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಅಲ್ಲಿ ನಮ್ಮ ಮನೆ. ಹಿತ್ತಿಲಿನಲ್ಲಿ ಸಾವಿರ ಲೀಟರಿನ ಮೀನಿನ ಟ್ಯಾಂಕ್, ಅದರ ಪಕ್ಕ ಜಲ್ಲಿ ತುಂಬಿದ ಎರಡು ತೊಟ್ಟಿ, ನಡುವೆ ಒಂದು ಸಣ್ಣ ಪಂಪ್. ಮೀನಿನ ನೀರು ಜಲ್ಲಿಗೆ ಹೋಗಿ, ಗಿಡದ ಬೇರಿಗೆ ಸಿಕ್ಕಿ, ಸೋಸಿಕೊಂಡು ಮತ್ತೆ ಟ್ಯಾಂಕಿಗೇ ಬೀಳುತ್ತದೆ. ಅಕ್ವಾಪೋನಿಕ್ಸ್ ಎಂದರೆ ಇಷ್ಟೇ. ಟ್ಯಾಂಕಿನಲ್ಲಿ ಕಾಟ್ಲಾ, ಗೆಂಡೆ ಇವೆ. ಹರಿವೆ, ಬಸಳೆ, ಮೆಂತ್ಯ ಕಣ್ಣು ತುಂಬುವ ಹಾಗೆ ಬಂದಿವೆ.

ಈಗ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಹಾಕುವ ಆಸೆ. ಅಮ್ಮನ ತಕರಾರು ಹೀಗಿದೆ: "ಸೊಪ್ಪು ನೀರಿನಿಂದ ಮೇಲೆ ಬೆಳೆಯುತ್ತದೆ, ಬೇಯಿಸಿಯೇ ತಿನ್ನುತ್ತೇವೆ. ಗಡ್ಡೆ ಮೀನಿನ ಹೊಲಸಿನಲ್ಲೇ ಕುಳಿತು ದಪ್ಪವಾಗುತ್ತದೆ. ಅದನ್ನು ತುರಿದು ಹಸಿ ಕೋಸಂಬರಿ ಮಾಡಿ ಮೊಮ್ಮಕ್ಕಳಿಗೆ ಕೊಡಲೇ?" ಒಬ್ಬರು ಏನೂ ಆಗುವುದಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಎನ್ನುತ್ತಾರೆ. ಯಾರೂ ಕಾರಣ ಹೇಳುವುದಿಲ್ಲ. ಕಾರಣ ಬಲ್ಲವರು ಬರೆಯಿರಿ.

ಗಜನಿ ಗದ್ದೆ, ಕುಮಟಾ:

ಮೀನೂ ಬೆಳೆಯೂ ಒಂದೇ ನೀರು ಕುಡಿಯುವುದು ನಮ್ಮ ಕಡೆ ಹೊಸ ಸಂಗತಿಯೇ? ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಅಜ್ಜನ ಕಾಲದಿಂದ ಅದನ್ನೇ ಉಂಡು ಬೆಳೆದಿದ್ದೇವೆ. ಧೈರ್ಯವಾಗಿ ಹಾಕಿ. ಬಂಗಡೆ, ತಾರ್ಲೆ ಬುಟ್ಟಿಗಟ್ಟಲೆ ಬರುವ ಊರಿನಲ್ಲಿ ಕುಳಿತು ಗೆಂಡೆ ಸಾಕುವುದೇ ನನಗೆ ವಿಚಿತ್ರವಾಗಿ ಕಾಣುತ್ತದೆ, ಅದು ಬೇರೆ ಮಾತು.

ಪ್ರಯೋಗಾಲಯದ ಅಕ್ಕ, ಅಂಕೋಲಾ:

ಗಜನಿಯವರೇ, ಕಗ್ಗದ ಅಕ್ಕಿಯನ್ನು ಯಾರಾದರೂ ಹಸಿಯಾಗಿ ತಿನ್ನುತ್ತಾರೆಯೇ? ಕುದಿಯುವ ಗಂಜಿಯಲ್ಲಿ ಯಾವ ರೋಗಾಣುವಿನ ಆಟವೂ ನಡೆಯುವುದಿಲ್ಲ. ಇಲ್ಲಿ ಕೇಳಿರುವುದು ಕೋಸಂಬರಿಯ ಮಾತು.

ನೀರು ಮತ್ತು ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೀನಿನ ಹೊಲಸು ಎಂದ ಕೂಡಲೇ ಎಲ್ಲರಿಗೂ ದನದ ಸಗಣಿ, ಹಂದಿಯ ಹೇಲು ನೆನಪಾಗುತ್ತದೆ. ಮೀನು ತಣ್ಣನೆಯ ರಕ್ತದ ಪ್ರಾಣಿ. ಮನುಷ್ಯನನ್ನು ಹಾಸಿಗೆ ಹಿಡಿಸುವ ಇ. ಕೋಲೈ ಬ್ಯಾಕ್ಟೀರಿಯಾದ ತವರು ದನ, ಕುರಿ, ಮನುಷ್ಯರಂಥ ಬಿಸಿರಕ್ತದ ಪ್ರಾಣಿಗಳ ಕರುಳು, ಮೀನಿನ ಕರುಳಲ್ಲ. ಹಾಗಾಗಿ ಮೀನಿನ ಮೇಲೆ ಅಮ್ಮ ಹೊರಿಸಿದ ಆರೋಪ ಅರ್ಧ ಬಿದ್ದುಹೋಗುತ್ತದೆ. ಉಳಿದರ್ಧ ಹಾಗೇ ನಿಲ್ಲುತ್ತದೆ. ಹೊರಗಿನಿಂದ ಆ ಬ್ಯಾಕ್ಟೀರಿಯಾ ನೀರಿಗೆ ಬಿದ್ದರೆ ಮೀನು ಅದನ್ನು ನುಂಗಿ ಮಲದಲ್ಲಿ ಹೊರಹಾಕುತ್ತಾ ಸುತ್ತಾಡುತ್ತದೆ, ಪಂಪ್ ಅದೇ ನೀರನ್ನು ದಿನವಿಡೀ ತೊಟ್ಟಿಗೆ ತಳ್ಳುತ್ತಿರುತ್ತದೆ. ಹೊರಗಿನಿಂದ ಬೀಳುವುದು ಹೇಗೆ ಎಂದು ಕೇಳಬೇಡಿ. ಮೀನು ಕಂಡರೆ ಬೆಳ್ಳಕ್ಕಿ, ಮಿಂಚುಳ್ಳಿ ಬಂದು ಕೂರುತ್ತವೆ. ಟ್ಯಾಂಕಿನ ಅಂಚಿನಲ್ಲಿ ಮನೆಯ ಕೋಳಿ ಕೂರುತ್ತದೆ. ಮಾಡಿನ ಮಳೆನೀರನ್ನು ಟ್ಯಾಂಕಿಗೆ ತಿರುಗಿಸಿದರೆ ಮಂಗ, ಕಾಗೆ, ಪಾರಿವಾಳ ಎಲ್ಲವುಗಳ ಕಾಣಿಕೆಯೂ ಅದರೊಂದಿಗೆ ಬರುತ್ತದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಲೆಟಿಸ್, ಬೇಸಿಲ್, ಟೊಮೆಟೊ ಮೂರನ್ನೂ ಅಕ್ವಾಪೋನಿಕ್ಸ್ ಮತ್ತು ಹೈಡ್ರೋಪೋನಿಕ್ಸ್ (ಮೀನಿಲ್ಲದೆ, ಪೋಷಕಾಂಶ ಕರಗಿಸಿದ ನೀರಿನಲ್ಲಿ ಬೆಳೆಯುವುದು) ಎರಡರಲ್ಲೂ ಬೆಳೆಸಿ ನೋಡಿದರು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ಶಿಗಾ ವಿಷ ಉತ್ಪಾದಿಸುವ ಇ. ಕೋಲೈ ನೀರಿನಲ್ಲೂ ಸಿಕ್ಕಿತು, ಬೇರಿನ ಮೇಲೂ ಸಿಕ್ಕಿತು, ಮೀನಿನ ಮಲದಲ್ಲೂ ಸಿಕ್ಕಿತು. ಗಿಡದ ತಿನ್ನುವ ಭಾಗದ ಒಳಗೆ ಸಿಗಲಿಲ್ಲ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಎಂಬ ಬೇರೆ ರೋಗಾಣುಗಳು ಎಲ್ಲಿಯೂ ಕಾಣಲಿಲ್ಲ. ಅಕ್ವಾಪೋನಿಕ್ಸ್ ಅಭಿಮಾನಿಗಳು ಈ ಅಧ್ಯಯನ ತೋರಿಸಿ ಸಮಾಧಾನ ಪಡುತ್ತಾರೆ. ಲೆಟಿಸ್ ಬೆಳೆಯುವವರು ಪಡಲಿ. ಅಲ್ಲಿ ಬೇರು ಎಂದರೆ ಕತ್ತರಿಸಿ ಎಸೆಯುವ ಭಾಗ. ಮೂಲಂಗಿಯಲ್ಲಿ ನಾವು ತಿನ್ನುವುದೇ ಬೇರನ್ನು. "ಬೇರಿನ ಮೇಲೆ ಸಿಕ್ಕಿತು" ಎಂಬ ವಾಕ್ಯ ನಮಗೆ ಸಮಾಧಾನವಲ್ಲ, ಎಚ್ಚರಿಕೆ.

ಇನ್ನೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. "ತೊಟ್ಟಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನೀರನ್ನು ಶುದ್ಧ ಮಾಡುತ್ತವೆ" ಎನ್ನುತ್ತಾರೆ. ಅವು ಮಾಡುವ ಕೆಲಸ ಒಂದೇ: ಮೀನು ಬಿಟ್ಟ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು. ಮೀನಿಗೆ ವಿಷವಾಗಿದ್ದದ್ದು ಗಿಡಕ್ಕೆ ಆಹಾರವಾಗುತ್ತದೆ. ರೋಗಾಣುವನ್ನು ಕೊಲ್ಲುವ ಗುತ್ತಿಗೆಯನ್ನು ಅವು ಹಿಡಿದಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿದೆ ಎನ್ನುವುದೂ ಪ್ರಮಾಣಪತ್ರವಲ್ಲ.

ಬೇಯಿಸುತ್ತೀರಾ, ಚಿಂತೆ ಬೇಡ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ನಿಮಿಷ ಸಾಕು, ನಮ್ಮ ಸಾಂಬಾರು ಅದಕ್ಕಿಂತ ಎಷ್ಟೋ ಹೆಚ್ಚು ಕುದಿಯುತ್ತದೆ. ಹಸಿಯಾಗಿ ತಿನ್ನುತ್ತೀರಾ, ಅದೂ ಚಿಕ್ಕ ಮಕ್ಕಳಿಗೆ ಕೊಡುತ್ತೀರಾ, ಜಲ್ಲಿ ತೊಟ್ಟಿಯ ಗಡ್ಡೆ ಬೇಡ ಎಂಬುದು ನನ್ನ ಅಭಿಪ್ರಾಯ. ಇ. ಕೋಲೈಯ ಒ157 ಎಂಬ ತಳಿಗೆ ಹತ್ತರಿಂದ ನೂರು ಕಣ ಹೊಟ್ಟೆಗೆ ಹೋದರೂ ಕಾಯಿಲೆ ತರುವ ಶಕ್ತಿ ಇದೆ, ಮಕ್ಕಳಲ್ಲಿ ಅದು ಮೂತ್ರಪಿಂಡಕ್ಕೇ ಕೈ ಹಾಕಬಹುದು. ಇಂಥದ್ದರ ಎದುರು ಒಂದು ಬಟ್ಟಲು ಕೋಸಂಬರಿ ದೊಡ್ಡದಲ್ಲ.

ಸೋಂದಾ ತೋಟ, ಶಿರಸಿ:

ಅಕ್ಕನವರ ವಿವರಣೆ ಒಪ್ಪಿದೆ, ತೀರ್ಮಾನ ಒಪ್ಪಲಾರೆ. ನಮ್ಮ ಮನೆಯಲ್ಲಿ ಮೂಲಂಗಿ ಹಶಿ, ಬೀಟ್‌ರೂಟ್ ಹಶಿ (ಹಸಿ ತುರಿಗೆ ಮೊಸರು ಬೆರೆಸಿದ್ದು) ಇಲ್ಲದ ಊಟ ಅಪರೂಪ. ಆ ಗಡ್ಡೆಗಳು ಬೆಳೆಯುವುದು ಎಲ್ಲಿ? ಕೊಟ್ಟಿಗೆಯ ಗೊಬ್ಬರ ಹಾಕಿದ ಮಣ್ಣಿನಲ್ಲಿ. ದನವೇ ಇ. ಕೋಲೈ ತವರು ಎಂದು ನೀವೇ ಹೇಳಿದಿರಿ. ಹಾಗಾದರೆ ಮಣ್ಣಿನ ಮೂಲಂಗಿ ಇನ್ನೂ ಅಪಾಯ ಎನ್ನಬೇಕಾಗುತ್ತದೆ. ಸಾವಯವದ ಹೆಸರು ಹೇಳಿದರೆ ಕೈ ಮುಗಿಯುವ ಜನ ಮೀನಿನ ನೀರು ಎಂದರೆ ಮೂಗು ಮುಚ್ಚುವುದೇಕೆ?

ಪ್ರಯೋಗಾಲಯದ ಅಕ್ಕ, ಅಂಕೋಲಾ:

ಸೋಂದಾದವರ ಪ್ರಶ್ನೆ ನ್ಯಾಯವಾದದ್ದು. ಮಣ್ಣಿನದ್ದೆಲ್ಲ ಪವಿತ್ರ ಎಂದು ನಾನು ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹಲವು ರಾಜ್ಯಗಳ ಜನ ಇ. ಕೋಲೈ ಒ121ರಿಂದ ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಕಾರಣವಾದದ್ದು ಮಣ್ಣಿನಲ್ಲೇ ಬೆಳೆದ ಸಾವಯವ ಕ್ಯಾರೆಟ್. ಫಿನ್ಲೆಂಡಿನ ಶಾಲೆಗಳಲ್ಲಿ 2000ದ ದಶಕದಲ್ಲಿ ಮಕ್ಕಳು ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾದಿಂದ ಹೊಟ್ಟೆನೋವು, ಜ್ವರ ಬಂದು ನರಳಿದರು. ಮೂಲ ಹುಡುಕಿದಾಗ ಸಿಕ್ಕಿದ್ದು ಚಳಿಗಾಲವಿಡೀ ಕೂಡಿಟ್ಟು, ತುರಿದು ಬಡಿಸಿದ ಹಸಿ ಕ್ಯಾರೆಟ್. ನಮ್ಮ ಕೋಸಂಬರಿಯ ಹತ್ತಿರದ ಸಂಬಂಧಿಯೇ ಅದು.

ಆದರೆ ಗೊಬ್ಬರದ ವಿಷಯದಲ್ಲಿ ಒಂದು ಕಾಲದ ಲೆಕ್ಕವಿದೆ. ಅಮೆರಿಕದ ಸಾವಯವ ನಿಯಮ ನೋಡಿ: ಕಳಿಯದ ಹಸಿ ಗೊಬ್ಬರ ಹಾಕಿದರೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ ಮೊದಲೇ ಹಾಕಿ ಮುಗಿಸಿರಬೇಕು, ತಾಗದ ಬೆಳೆಯಾದರೆ 90 ದಿನ. ಗಡ್ಡೆಗೂ ಟೊಮೆಟೊಗೂ ಅಂತರ ಇರುವುದು ಆ ಮೂವತ್ತು ದಿನಗಳಲ್ಲಿ. ಬಿಸಿಲು, ಒಣಗುವಿಕೆ, ಮಣ್ಣಿನ ಇತರ ಜೀವಿಗಳ ಪೈಪೋಟಿ ಇವೆಲ್ಲ ಸೇರಿ ಆ ಅವಧಿಯಲ್ಲಿ ರೋಗಾಣುಗಳನ್ನು ತಗ್ಗಿಸುತ್ತವೆ. ನಿಮ್ಮ ಕೊಟ್ಟಿಗೆ ಗೊಬ್ಬರ ಗುಂಡಿಯಲ್ಲಿ ಚೆನ್ನಾಗಿ ಕಳಿತು ತೋಟಕ್ಕೆ ಹೋಗುವುದರಿಂದ ಅದು ಇನ್ನೂ ಒಳ್ಳೆಯದು. ಅಕ್ವಾಪೋನಿಕ್ಸ್‌ನಲ್ಲಿ ಈ ವಿರಾಮ ಎಂಬುದೇ ಇಲ್ಲ. ಮೂಲಂಗಿ ಕೀಳುವ ಬೆಳಿಗ್ಗೆಯೂ ಅದರ ಮೈ ಮೇಲೆ ಅದೇ ನೀರು ಹರಿಯುತ್ತಿರುತ್ತದೆ. ನನ್ನ ಆಕ್ಷೇಪ ಮೀನಿನ ಮೇಲಲ್ಲ, ಆ ವಿರಾಮವಿಲ್ಲದ ಹರಿವಿನ ಮೇಲೆ.

ಬೇಡ್ತಿ ದಂಡೆ:

ಟ್ಯಾಂಕಿಗೆ ಸ್ವಲ್ಪ ಜೀವಾಮೃತ ಹಾಕಿದರೆ ಒಳ್ಳೆಯ ಸೂಕ್ಷ್ಮಾಣುಗಳು ಹೆಚ್ಚಾಗಿ ಕೆಟ್ಟವನ್ನು ತಿಂದು ಹಾಕುತ್ತವೆ. ನಮ್ಮ ಪರಿಚಯದವರು ಗೋಮೂತ್ರವನ್ನೂ ಹಾಕುತ್ತಾರೆ, ಗಿಡ ಜೋರಾಗಿ ಬಂದಿದೆ.

ಪ್ರಯೋಗಾಲಯದ ಅಕ್ಕ, ಅಂಕೋಲಾ:

ದಯವಿಟ್ಟು ಬೇಡ. ಜೀವಾಮೃತ ಎಂದರೆ ಹಸಿ ಸಗಣಿ, ಗೋಮೂತ್ರ, ಬೆಲ್ಲ, ಹಿಟ್ಟು ಕಲಸಿ ಕೆಲವು ದಿನ ಇಟ್ಟದ್ದು. ಅಡಿಕೆ ಮರದ ಬುಡಕ್ಕೆ ಹಾಕಿ, ನನ್ನ ತಕರಾರಿಲ್ಲ. ಹಸಿಯಾಗಿ ತಿನ್ನುವ ಗಡ್ಡೆ ಮುಳುಗಿರುವ ನೀರಿಗೆ ಹಾಕುವುದು ಕಂಡೂ ಕಂಡೂ ಬಾವಿಗೆ ಬೀಳುವುದು. ಇಷ್ಟು ಹೊತ್ತು ನಾನು ಯಾವುದು ಹೊರಗಿನಿಂದ ಬೀಳದಿರಲಿ ಎಂದು ಬರೆದೆನೋ ಅದನ್ನೇ ನೀವು ಬಕೆಟ್‌ನಲ್ಲಿ ತಂದು ಸುರಿದಂತಾಯಿತು. ಅದೂ ಅಲ್ಲದೆ ಸಾವಿರ ಲೀಟರಿಗೆ ಅಷ್ಟು ಸಾವಯವ ವಸ್ತು ಬಿದ್ದರೆ ನೀರಿನ ಆಮ್ಲಜನಕ ಇಳಿದು ಮೀನು ಬೆಳಗಾಗುವಷ್ಟರಲ್ಲಿ ಮೇಲೆ ತೇಲುತ್ತವೆ.

ಸೋಂದಾ ತೋಟ, ಶಿರಸಿ:

ಇದರಲ್ಲಿ ಅಕ್ಕನವರ ಪಕ್ಷ ನಾನು. ಜೊತೆಗೆ ಅಡಿಕೆ ತೋಟದವರಿಗೆ ಬರುವ ತೊಂದರೆ ಒಂದಿದೆ, ಉಳಿದವರು ಅದನ್ನು ಯೋಚಿಸಿರಲಿಕ್ಕಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರದ ತುದಿಗೆ ಹೊಡೆದದ್ದು ಗಾಳಿಯಲ್ಲಿ ಎಲ್ಲೆಲ್ಲಿಗೋ ಹಾರುತ್ತದೆ. ತಾಮ್ರ ಮೀನಿಗೆ ವಿಷ, ನಮ್ಮ ಮಲೆನಾಡಿನ ಮೃದು ನೀರಿನಲ್ಲಿ ಇನ್ನೂ ತೀಕ್ಷ್ಣ. ತೋಟದ ಅಂಚಿನಲ್ಲಿ ಟ್ಯಾಂಕ್ ಇಟ್ಟುಕೊಂಡವರು ಮದ್ದು ಹೊಡೆಯುವ ದಿನ ಟಾರ್ಪಾಲು ಮುಚ್ಚಬೇಕು, ನಂತರದ ಮೊದಲ ಮಳೆಯ ಮಾಡಿನ ನೀರನ್ನು ಟ್ಯಾಂಕಿಗೆ ಬಿಡಲೇಬಾರದು. ಆ ನೀರಿನಲ್ಲೇ ಬೆಳೆದ ಗಡ್ಡೆಯನ್ನು ಕೀಳುವ ಮುನ್ನವೂ ಒಮ್ಮೆ ಯೋಚಿಸಬೇಕು.

ಗಜನಿ ಗದ್ದೆ, ಕುಮಟಾ:

ಅಂತೂ ನನ್ನ ಕಗ್ಗವನ್ನು ಎಲ್ಲರೂ ಸೇರಿ ಗಂಜಿ ಮಾಡಿಬಿಟ್ಟಿರಿ. ಇರಲಿ. ಹಾಗಾದರೆ ಗಡ್ಡೆ ಹಾಕುವುದೇ ಬೇಡವೇ? ಹಾವೂ ಸಾಯದೆ ಕೋಲೂ ಮುರಿಯದೆ ಏನಾದರೂ ದಾರಿ ಇರಬೇಕಲ್ಲ.

ಕೊಲ್ಲಿಯಿಂದ ಕಾರವಾರಿಗ:

ದಾರಿ ಇದೆ. ನಾನು ಇಲ್ಲಿ ಮಸ್ಕತ್‌ನಲ್ಲಿ ಇಂಥ ಒಂದು ಘಟಕದಲ್ಲಿ ಕೆಲಸ ಮಾಡುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಅಕ್ವಾಪೋನಿಕ್ಸ್ ಮಾಡುವವರಿಗೆಂದು ಒಂದು ಕೈಪಿಡಿ ತಂದಿದೆ, ಅವರ ತಾಂತ್ರಿಕ ಪ್ರಬಂಧ ಸಂಖ್ಯೆ 589. ನಮ್ಮಲ್ಲಿ ಎಲ್ಲರ ಮೇಜಿನ ಮೇಲೂ ಅದು ಇರುತ್ತದೆ.

ಮೊದಲು ವಿಧಾನ. ತೇಲುವ ಹಲಗೆಯಲ್ಲಿ ರಂಧ್ರ ಮಾಡಿ ಬೇರನ್ನು ನೀರಿಗೆ ಇಳಿಬಿಡುವ ಪದ್ಧತಿಯಲ್ಲಿ ಗಡ್ಡೆ ಬೆಳೆಯುವ ಯೋಚನೆಯನ್ನೇ ಬಿಡಿ. ಗಡ್ಡೆ ಕೊಳೆಯುತ್ತದೆ, ಸುರಕ್ಷತೆಯ ಪ್ರಶ್ನೆ ಬರುವ ಮೊದಲೇ ಬೆಳೆ ಹೋಗುತ್ತದೆ. ಜಲ್ಲಿ ತೊಟ್ಟಿಯಲ್ಲಿ ನೀರು ಏರುವ ಮಟ್ಟ ಮೇಲಿನ ಪದರಕ್ಕಿಂತ ಕೆಳಗೇ ನಿಲ್ಲಬೇಕು, ಮೇಲಿನ ಎರಡು ಮೂರು ಅಂಗುಲ ಯಾವಾಗಲೂ ಒಣಗಿರಬೇಕು. ಬೀಟ್‌ರೂಟ್ ಮತ್ತು ಕೆಲವು ಮೂಲಂಗಿ ತಳಿಗಳು ಅರ್ಧ ಮೈಯನ್ನು ಜಲ್ಲಿಯ ಮೇಲೆ ತೋರಿಸುತ್ತಾ ಬೆಳೆಯುತ್ತವೆ, ಅವಕ್ಕೆ ಈ ಒಣ ಪದರ ಹೊಂದುತ್ತದೆ. ಕ್ಯಾರೆಟ್ ಮಾತ್ರ ಜಲ್ಲಿಯಲ್ಲಿ ಬೇಡ. ಕಲ್ಲಿಗೆ ತಾಗಿದಲ್ಲೆಲ್ಲ ಕವಲೊಡೆಯುತ್ತದೆ. ಕಿತ್ತು ನೋಡಿದರೆ ಮೂರು ಕಾಲಿನ ಗೊಂಬೆ. ಆ ಕವಲುಗಳ ಸಂದಿಯಲ್ಲಿ ಕಪ್ಪು ಕೆಸರು ಮೆತ್ತಿಕೊಂಡಿರುತ್ತದೆ, ಬ್ರಷ್ ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಅಕ್ಕನವರು ಹೇಳಿದ ಅಪಾಯ ಎಲ್ಲಿ ಅಡಗಿ ಕೂರುತ್ತದೆ ಎಂದು ಕಣ್ಣಾರೆ ನೋಡಬೇಕೆಂದರೆ ಅಂಥ ಒಂದು ಕ್ಯಾರೆಟ್ ಕಿತ್ತು ನೋಡಿ.

ಆ ಕಪ್ಪು ಕೆಸರು ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರ. ನೇರ ಟ್ಯಾಂಕಿನಿಂದ ಜಲ್ಲಿಗೆ ನೀರು ಹರಿಸುವ ಮನೆಯ ಘಟಕಗಳಲ್ಲಿ ಅದೆಲ್ಲ ಬೇರಿನ ಬುಡಕ್ಕೇ ಹೋಗಿ ಕೂರುತ್ತದೆ. ನಡುವೆ ಒಂದು ಡ್ರಮ್ ಇಟ್ಟು ಅದರಲ್ಲಿ ಕೆಸರು ತಳಕ್ಕೆ ಇಳಿಯುವಂತೆ ಮಾಡಿ, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಬಿಡಿ. ಸಾವಿರ ಲೀಟರಿಗೆ 20 ಕಿಲೋಗಿಂತ ಹೆಚ್ಚು ಮೀನು ತುಂಬಬೇಡಿ.

ಗಡ್ಡೆಗೆ ನಾನು ಒಪ್ಪುವ ಪದ್ಧತಿ ಬತ್ತಿ ತೊಟ್ಟಿ. ತಳದಲ್ಲಿ ಒಂದು ಪದರ ಜಲ್ಲಿ, ಅದು ನೀರು ನಿಲ್ಲುವ ಜಾಗ. ಅದರ ಮೇಲೆ ಒಂದು ಬಟ್ಟೆ. ಬಟ್ಟೆಯ ಮೇಲೆ ಮಣ್ಣು, ಕಳಿತ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ. ಮೀನಿನ ನೀರನ್ನು ತಳದ ಪದರಕ್ಕೆ ಮಾತ್ರ ಪೈಪಿನಿಂದ ಬಿಡಬೇಕು, ತೇವ ತಾನಾಗಿ ಮೇಲೇರುತ್ತದೆ. ಗಡ್ಡೆ ಮಣ್ಣಿನಲ್ಲಿ ಇರುತ್ತದೆ, ಹರಿಯುವ ನೀರಿನಲ್ಲಿ ಅಲ್ಲ. ಈ ತೊಟ್ಟಿಯ ನೀರು ಮರಳಿ ಟ್ಯಾಂಕಿಗೆ ಹೋಗಬಾರದು. ಕೀಳುವುದಕ್ಕೆ ಎರಡು ಮೂರು ವಾರ ಇರುವಾಗ ಮೀನಿನ ನೀರು ನಿಲ್ಲಿಸಿ ಬಾವಿಯ ನೀರು ಕೊಡಿ. ಅಕ್ಕನವರು ಕೇಳಿದ ವಿರಾಮ ಸ್ವಲ್ಪವಾದರೂ ಸಿಕ್ಕಿತಲ್ಲ. ನಮ್ಮ ಕಡೆಯ ನಾರಿನ ಪುಡಿ ತರುವಾಗ ಒಂದು ಎಚ್ಚರ: ಉಪ್ಪು ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯದಾಗಿದ್ದರೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯದೆ ಬಳಸಬೇಡಿ, ಗಿಡ ಸುಟ್ಟಂತೆ ಆಗುತ್ತದೆ.

ದುಡ್ಡಿದ್ದವರು ಅತಿನೇರಳೆ ದೀಪ ಹಾಕಿಸಬಹುದು. ಕೆಸರು ಸೋಸಿದ ನಂತರ ಹಾಕಬೇಕು, ಕಲಕು ನೀರಿನಲ್ಲಿ ಬೆಳಕು ಒಳಗೆ ಹೋಗುವುದೇ ಇಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ, ಅವು ಜಲ್ಲಿಗೆ ಅಂಟಿಕೊಂಡಿರುತ್ತವೆ. ಕ್ಲೋರಿನ್ ಮಾತ್ರ ನೀರಿಗೆ ಹಾಕುವ ಹಾಗಿಲ್ಲ. ಮೀನೂ ಹೋಗುತ್ತದೆ, ಬ್ಯಾಕ್ಟೀರಿಯಾವೂ ಹೋಗುತ್ತದೆ.

ಸದಾಶಿವಗಡದ ಹಿತ್ತಿಲು:

ತುಂಬಾ ಉಪಕಾರವಾಯಿತು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಸಣ್ಣ ಬಾಟಲಿ ಸಿಗುತ್ತದೆ. ನೀರು ತುಂಬಿ ಇಟ್ಟರೆ ಕಪ್ಪಾಗುತ್ತದೆಯೋ ಇಲ್ಲವೋ ಎಂದು ನೋಡುವುದು. ಟ್ಯಾಂಕಿನ ನೀರನ್ನು ಅದರಲ್ಲಿ ನೋಡಿದರೆ ಸಾಕೇ?

ಪ್ರಯೋಗಾಲಯದ ಅಕ್ಕ, ಅಂಕೋಲಾ:

ಬಾವಿಯ ನೀರಿಗೆ ಬಳಸಿ, ಒಳ್ಳೆಯದು. ಟ್ಯಾಂಕಿನ ನೀರಿಗೆ ಪ್ರಯೋಜನವಿಲ್ಲ. ಆ ಬಾಟಲಿ ಕಪ್ಪಾಗುವುದು ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿಸುವ ಬ್ಯಾಕ್ಟೀರಿಯಾ ಇದ್ದಾಗ. ಮೀನಿನ ಕೆಸರಿನಲ್ಲಿ ಅಂಥವು ಸಹಜವಾಗಿಯೇ ಇರುತ್ತವೆ, ಆದ್ದರಿಂದ ನಿಮ್ಮ ಬಾಟಲಿ ಹೇಗಿದ್ದರೂ ಕಪ್ಪಾಗುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ಕಡೆ, ನಾವು ಹುಡುಕುವ ಇ. ಕೋಲೈ ಸಾಮಾನ್ಯವಾಗಿ ಆ ಅನಿಲ ಹುಟ್ಟಿಸುವುದೇ ಇಲ್ಲ. ಕೇಳಬೇಕಾದದ್ದು ನೂರು ಮಿಲಿಲೀಟರಿನಲ್ಲಿ ಇ. ಕೋಲೈ ಎಷ್ಟಿದೆ ಎಂಬ ಎಣಿಕೆ. ಜಲ ಜೀವನ ಮಿಷನ್ ಅಡಿಯಲ್ಲಿ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಮೀನಿನ ಟ್ಯಾಂಕಿನ ನೀರು ಎಂದು ಮೊದಲೇ ಹೇಳಿ ಕೇಳಿ.

ಎಣಿಕೆ ಬಂದ ಮೇಲೆ ಯಾವುದಕ್ಕೆ ಹೋಲಿಸುವುದು? ಕುಡಿಯುವ ನೀರಿಗೆ ಭಾರತೀಯ ಮಾನಕದಂತೆ ನೂರು ಮಿಲಿಲೀಟರಿನಲ್ಲಿ ಒಂದೂ ಇರಬಾರದು. ನೀರಾವರಿಗೆ ಅಮೆರಿಕದವರು 2015ರ ನಿಯಮದಲ್ಲಿ ಸರಾಸರಿ 126 ಎಂದು ಇಟ್ಟಿದ್ದರು, 2024ರಲ್ಲಿ ಆ ಅಂಕಿಯನ್ನು ಬಿಟ್ಟು, ನೀರಿನ ಮೂಲದಿಂದ ಬೆಳೆಯವರೆಗೆ ಅಪಾಯ ಎಲ್ಲೆಲ್ಲಿದೆ ಎಂದು ಬೆಳೆಗಾರನೇ ಪರಿಶೀಲಿಸುವ ಪದ್ಧತಿಗೆ ಬಂದರು. ಆ ಬದಲಾವಣೆ ಸರಿ ಎಂದು ನನಗೆ ಅನ್ನಿಸುತ್ತದೆ. ಸೋಮವಾರ ಒಳ್ಳೆಯ ವರದಿ ಬಂದ ಟ್ಯಾಂಕಿನ ಅಂಚಿನಲ್ಲಿ ಮಂಗಳವಾರ ಕೋಳಿ ಕುಳಿತರೆ ವರದಿ ಹರಿದು ಹಾಕಬೇಕಾಗುತ್ತದೆ. ಟ್ಯಾಂಕಿನ ಮೇಲೆ ಮುಚ್ಚುವ ಬಲೆಗೆ ಕೊಡುವ ದುಡ್ಡು ಪರೀಕ್ಷೆಗೆ ಕೊಡುವ ದುಡ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಲಿಯ ವಿಷಯ ಬರೆಯದೆ ಹೋದರೆ ತಪ್ಪಾಗುತ್ತದೆ. ಮೀನಿನ ಆಹಾರದ ಚೀಲ ಬಿಚ್ಚಿಟ್ಟರೆ ಇಲಿ ಬಂದೇ ಬರುತ್ತದೆ. ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಹೊಸತಲ್ಲ. ಅದು ಇಲಿಯ ಮೂತ್ರ ಬಿದ್ದ ನೀರಿನಿಂದ, ಹೆಚ್ಚಾಗಿ ಚರ್ಮದ ಗಾಯದ ಮೂಲಕ ಹತ್ತುತ್ತದೆ. ಗಡ್ಡೆ ತಿಂದವರಿಗಿಂತ ಬರಿಗೈಯಲ್ಲಿ ಟ್ಯಾಂಕ್ ತೊಳೆದವರಿಗೇ ಅಪಾಯ ಹೆಚ್ಚು. ಮೀನಿನ ನೀರಿನಲ್ಲಿರುವ ಏರೋಮೊನಾಸ್, ಮೈಕೊಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾಗಳೂ ಗಾಯದ ಮೂಲಕವೇ ಬರುತ್ತವೆ. ಕೈಗವಸು ಹಾಕಿ. ಆಹಾರವನ್ನು ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಇಡಿ. ದೈತ್ಯ ಆಫ್ರಿಕನ್ ಬಸವನಹುಳುಗಳು ತೊಟ್ಟಿ ಹತ್ತಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳಿಗೆ ತೊಂದರೆ ಕೊಡುವ ಇಲಿ ಶ್ವಾಸಕೋಶದ ಜಂತುವನ್ನು ಅವು ಹೊತ್ತಿರಬಹುದು. ಕೇರಳದಲ್ಲಿ ಅಂಥ ಪ್ರಕರಣಗಳು ವರದಿಯಾಗಿವೆ.

ಅಡುಗೆಮನೆ ಕಿಟಕಿ, ಹೊನ್ನಾವರ:

ಅಕ್ಕಾ, ನನ್ನ ಮಗುವಿಗೆ ಈಗಷ್ಟೇ ಆರು ತಿಂಗಳು ತುಂಬಿತು. ಬೀಟ್‌ರೂಟ್ ಬೇಯಿಸಿ ಅರೆದು ಕೊಡಬಹುದೇ? ನಮ್ಮ ಮನೆಯಲ್ಲೂ ಸಣ್ಣ ಘಟಕವಿದೆ.

ಪ್ರಯೋಗಾಲಯದ ಅಕ್ಕ, ಅಂಕೋಲಾ:

ಬೇಯಿಸಿದರೆ ರೋಗಾಣು ಸಾಯುತ್ತದೆ ತಂಗಿ, ನೈಟ್ರೇಟ್ ಹಾಗೇ ಉಳಿಯುತ್ತದೆ, ಎಳೆ ಮಗುವಿಗೆ ಅದು ಹೆಚ್ಚಾದರೆ ಒಳ್ಳೆಯದಲ್ಲ. ಬೀಟ್‌ರೂಟ್, ಮೂಲಂಗಿ, ಪಾಲಕ್ ಇವೆಲ್ಲ ಎಲ್ಲಿ ಬೆಳೆದರೂ ನೈಟ್ರೇಟ್ ಕೂಡಿಡುವ ಜಾತಿಯವು. ಮೋಡ ಮುಚ್ಚಿ ಬಿಸಿಲು ಕಡಿಮೆಯಾದಾಗ ಇನ್ನೂ ಹೆಚ್ಚು ಕೂಡಿಡುತ್ತವೆ, ನಮ್ಮ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಕುಡಿಯುವ ನೀರಿಗೆ ನಮ್ಮಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಮೀನು ಅದಕ್ಕಿಂತ ಎಷ್ಟೋ ಹೆಚ್ಚನ್ನು ತಡೆದುಕೊಂಡು ಈಜುತ್ತಿರುತ್ತದೆ, ಆದ್ದರಿಂದ ಮೀನು ಚೆನ್ನಾಗಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಇನ್ನೂ ಕೆಲವು ತಿಂಗಳು ಕುಂಬಳ, ಗೆಣಸು ಕೊಡಿ. ಮುಂದೆ ಬೀಟ್‌ರೂಟ್ ಕೊಡುವಾಗಲೂ ಅರೆದಿಟ್ಟು ಮರುದಿನ ಕೊಡಬೇಡಿ, ಇಟ್ಟಷ್ಟೂ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಮಕ್ಕಳ ವೈದ್ಯರನ್ನೂ ಒಮ್ಮೆ ಕೇಳಿ.

ಬೇಡ್ತಿ ದಂಡೆ:

ಜೀವಾಮೃತದ ಮಾತು ಬಿಟ್ಟೆ. ಮೀನಿಗೆ ಹುಣ್ಣಾದರೆ ಅಂಗಡಿಯವರು ಕೊಡುವ ಹಸಿರು ಔಷಧಿ ಹಾಕಬಹುದೇ?

ಕೊಲ್ಲಿಯಿಂದ ಕಾರವಾರಿಗ:

ಹಸಿರು ಎಂದರೆ ಮಲಕೈಟ್ ಗ್ರೀನ್ ಇರಬಹುದು. ತಿನ್ನುವ ಮೀನಿಗೇ ಅದು ನಿಷಿದ್ಧ, ಗಡ್ಡೆ ಇರುವ ನೀರಿಗೆ ಕೇಳುವುದೇ ಬೇಡ. ಅಲಂಕಾರದ ಮೀನಿನ ಅಂಗಡಿಯಿಂದ ತಂದ ಯಾವ ಔಷಧಿಯೂ ಆ ನೀರಿಗೆ ಬೇಡ. ಕಾಯಿಲೆ ಬಿದ್ದ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ನೋಡಿಕೊಳ್ಳಿ. ಶಿರಸಿಯ ಕಡೆ ಮೀನು ತಿನ್ನದವರು ಗೋಲ್ಡ್‌ಫಿಶ್, ಕೊಯ್ ಸಾಕುತ್ತಾರೆ. ಅಂಗಡಿಯಿಂದ ಬರುವಾಗಲೇ ಅವುಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟಿರುವುದುಂಟು. ತಂದ ಕೂಡಲೇ ಘಟಕಕ್ಕೆ ಬಿಡದೆ ಕೆಲವು ವಾರ ಪ್ರತ್ಯೇಕ ಇಡಿ. ಆಮೆಯನ್ನಂತೂ ಯಾರೂ ಚೆಂದಕ್ಕೆಂದು ಟ್ಯಾಂಕಿಗೆ ಬಿಡಬೇಡಿ, ಸಾಲ್ಮೊನೆಲ್ಲಾ ಅದರ ಜೊತೆಗೇ ಬರುತ್ತದೆ.

ಗೋಕರ್ಣದ ಹೋಂಸ್ಟೇ:

ನಮ್ಮಲ್ಲಿ ಬರುವ ಪ್ರವಾಸಿಗರಿಗೆ ಹಸಿ ಸಲಾಡ್ ಬೇಕೇ ಬೇಕು. "ಮೀನಿನ ನೀರಿನಲ್ಲಿ ಬೆಳೆದದ್ದು" ಎಂದರೆ ಫೋಟೋ ತೆಗೆದುಕೊಳ್ಳುತ್ತಾರೆ. ಸದಾಶಿವಗಡದವರು ಬೆಳೆದರೆ ಕೊಳ್ಳುತ್ತೇನೆ. ಪರವಾನಗಿ ಏನಾದರೂ ಬೇಕೇ?

ಪ್ರಯೋಗಾಲಯದ ಅಕ್ಕ, ಅಂಕೋಲಾ:

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 18ನೇ ಕಲಮಿನ ಮೂರನೇ ಉಪಕಲಮಿನ ಪ್ರಕಾರ ರೈತ, ಮೀನುಗಾರ ತನ್ನ ಹೊಲದಲ್ಲಿ, ನೀರಿನಲ್ಲಿ ಮಾಡುವ ಕೆಲಸ ಆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಬೆಳೆದುಕೊಟ್ಟವರನ್ನು ಯಾರೂ ಕೇಳುವುದಿಲ್ಲ. ತಟ್ಟೆಗೆ ಬಡಿಸುವ ನಿಮಗೆ ಆ ವಿನಾಯಿತಿ ಇಲ್ಲ, ಅತಿಥಿ ಆಸ್ಪತ್ರೆ ಸೇರಿದರೆ ಉತ್ತರ ಹೇಳಬೇಕಾದವರು ನೀವೇ. ಸಲಾಡಿಗೆ ಗಡ್ಡೆ ಬೇಕೇ ಬೇಕೆಂದರೆ ಹಾಲಕ್ಕಿ ಹೆಂಗಸರು ಗೋಕರ್ಣದ ಪೇಟೆಗೆ ತರುವ ಮೂಲಂಗಿಯನ್ನೇ ಕೊಳ್ಳಿ, ಅದನ್ನೂ ಚೆನ್ನಾಗಿ ತೊಳೆಯಿರಿ. 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತರಕಾರಿ ಅದ್ದಲು ಹೇಳಿದ್ದು 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರು, ಆಮೇಲೆ ಕುಡಿಯುವ ನೀರಿನಲ್ಲಿ ಜಾಲಿಸುವುದು. ಸೋಪು, ಪಾತ್ರೆ ತೊಳೆಯುವ ದ್ರಾವಣ ಬೇಡ. ಮೊದಲು ತೊಳೆದು, ಆಮೇಲೆ ಸಿಪ್ಪೆ ತೆಗೆಯಬೇಕು. ತೊಳೆಯದೆ ಸಿಪ್ಪೆ ಹೆರೆದರೆ ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ಬಳಿಯುತ್ತದೆ.

ಸದಾಶಿವಗಡದ ಹಿತ್ತಿಲು:

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕೋಳಿಯ ಮಾತು ಬಂದಾಗ ನನ್ನ ಕಡೆ ನೋಡಿ ನಕ್ಕರು, ನಮ್ಮದು ದಿನಾ ಅಲ್ಲೇ ಕೂರುತ್ತದೆ. ಒಂದು ಬತ್ತಿ ತೊಟ್ಟಿ ಕಟ್ಟುತ್ತೇನೆ. ಅದರಲ್ಲಿ ಕೆಸವಿನ ಗಡ್ಡೆ, ಅರಿಶಿನ, ಶುಂಠಿ, ಸಾಂಬಾರಿಗೆ ಬೀಟ್‌ರೂಟ್. ಕೋಸಂಬರಿಯ ಮೂಲಂಗಿ ಅಂಗಳದ ಮಣ್ಣಿಗೆ. ಜಲ್ಲಿ ತೊಟ್ಟಿಯಲ್ಲಿ ಸೊಪ್ಪು ಮುಂದುವರಿಯಲಿ. ಮಾಡಿನ ನೀರಿನ ಪೈಪನ್ನು ಇವತ್ತೇ ತಪ್ಪಿಸಿದೆ. ಶುಂಠಿಯ ಬೀಜದ ಗಡ್ಡೆಯನ್ನು ಶಿರಸಿಯ ಕಡೆಯಿಂದ ತರಿಸಬಹುದೇ ಸೋಂದಾದವರೇ?

ಸೋಂದಾ ತೋಟ, ಶಿರಸಿ:

ತರಿಸಬಹುದು, ಆದರೆ ಕೇಳಿ ತರಿಸಿ. ಇಲ್ಲಿ ಶುಂಠಿ ಬೆಳೆಯುವವರು ಗಡ್ಡೆ ಕೊಳೆಗೆ ಹೆದರಿ ಬೀಜದ ಶುಂಠಿಯನ್ನು ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದಲ್ಲಿ ಅದ್ದಿಯೇ ಇಡುತ್ತಾರೆ. ಅದು ಮೀನಿಗೆ ಮಾರಕ. ಅದ್ದದೆ ಇಟ್ಟ, ಕೊಳೆ ಇಲ್ಲದ ತೋಟದ ಬೀಜವೇ ಬೇಕು. ಆ ಕೊಳೆಗೆ ಕಾರಣವಾದ ಪಿಥಿಯಂ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಅದಕ್ಕೂ ನಿಮ್ಮ ಬತ್ತಿ ತೊಟ್ಟಿಯ ನೀರು ಟ್ಯಾಂಕಿಗೆ ಮರಳದಿರುವುದೇ ಒಳ್ಳೆಯದು. ಬೀಟ್‌ರೂಟ್ ಬೀಜದ ಪೊಟ್ಟಣ ಬಿಡಿಸಿದಾಗ ಬೀಜ ಗುಲಾಬಿ ಅಥವಾ ನೀಲಿ ಬಣ್ಣದಲ್ಲಿದ್ದರೆ ಅದಕ್ಕೂ ಥೈರಾಂನಂಥ ಔಷಧಿ ಲೇಪಿಸಿದ್ದಾರೆ ಎಂದೇ ತಿಳಿಯಿರಿ, ತೊಳೆದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಅಂಗಡಿಯಲ್ಲಿ ಲೇಪನವಿಲ್ಲದ ಬೀಜ ಎಂದು ಕೇಳಿ. ಶುಂಠಿ ನಮ್ಮಲ್ಲೇ ಸ್ವಲ್ಪ ಇದೆ, ಏನೂ ಹಾಕಿಲ್ಲ. ಕಾರವಾರದ ಬಸ್ಸಿಗೆ ಹಾಕಿ ಕಳಿಸುತ್ತೇನೆ.